ಮಿಸ್ ಹುವಾ ಅವರ ಬುಧವಾರದ ತರಗತಿ

ಮೆಟ್ಟಿಲು ಹತ್ತುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ಗೊತ್ತಾಗಲಿಲ್ಲ. ಅಮೆರಿಕದ ರಾಕ್‌ವಿಲ್‌ನಲ್ಲಿರುವ ನಮ್ಮ ಮನೆಗೆ ಮೂರು ಅಂತಸ್ತು. ಬಟ್ಟೆ ಒಗೆಯುವ ಮೆಷಿನ್ನು ಕೆಳಗೆ, ಅಡುಗೆಮನೆ ನಡುವೆ, ಮಲಗುವ ಕೋಣೆಗಳು ಮೇಲೆ. ಬಟ್ಟೆಯ ಬುಟ್ಟಿಯನ್ನು ಸರಸರನೆ ಮೇಲಕ್ಕೆ ಒಯ್ಯುತ್ತಿದ್ದವಳು, ಮೊದಲು ನಡುವಿನ ಅಂತಸ್ತಿನಲ್ಲಿ ನಿಂತು ಸುಧಾರಿಸಿಕೊಳ್ಳತೊಡಗಿದೆ. ಆಮೇಲೆ ಬುಟ್ಟಿಯನ್ನು ಅಡುಗೆಮನೆಯ ಕುರ್ಚಿಯ ಮೇಲಿಟ್ಟು, "ಮೇಲೆ ಹೋಗೋರು ತಗೊಂಡು ಹೋಗಿ" ಅನ್ನತೊಡಗಿದೆ. ಮನೆಯವರಿಗೆ ಅದು ಸೋಮಾರಿತನ ಅನ್ನಿಸಿತು. ನನಗೆ ವಯಸ್ಸು ಅನ್ನಿಸಿತು. ಐವತ್ತೆರಡಕ್ಕೆ ಇಷ್ಟೆಲ್ಲ ಇರುತ್ತೆ ಬಿಡು ಅಂದುಕೊಂಡೆ.

ಜೊತೆಗೆ ಕೆಮ್ಮು. ಕೋವಿಡ್ ಬಂದುಹೋದ ಮೇಲಿನ ದಿನಗಳು ಅವು. ಅಂಗಡಿಯಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಅಕ್ಕಪಕ್ಕದವರು ಕಾರ್ಟ್ ತಳ್ಳಿಕೊಂಡು ಇನ್ನೊಂದು ಸಾಲಿಗೆ ಹೋಗಿಬಿಡುತ್ತಿದ್ದರು. ನಾನು ಕೆಲಸ ಮಾಡುವ ಲ್ಯಾಬಿನಲ್ಲಂತೂ ವಾರಕ್ಕೆರಡು ಸಲ ಟೆಸ್ಟ್ ಮಾಡಿಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ನೆಗೆಟಿವ್. "ಅಲರ್ಜಿ" ಎಂದು ಎಲ್ಲರಿಗೂ ಹೇಳಿ ಹೇಳಿ ನನಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು.

ಒಂದು ಭಾನುವಾರ ಮೈಸೂರಿನಲ್ಲಿರುವ ಅಮ್ಮಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅಮ್ಮಿ ನನ್ನ ತಂಗಿ ಶಬಾನಾಳ ಮನೆಯಲ್ಲಿರುತ್ತಾರೆ. ನಾವು ಮಾತಾಡುವುದು ನಮ್ಮ ಮೈಸೂರಿನ ಉರ್ದು. ಆದರೆ ನಾನು ಓದಿದ್ದು ಮೊಹಲ್ಲಾದ ಸರ್ಕಾರಿ ಕನ್ನಡ ಶಾಲೆಯಲ್ಲಿ. ಪೆನ್ನು ಹಿಡಿದರೆ ಕನ್ನಡವೇ ಬರುವುದು, ಹಾಗಾಗಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವತ್ತು ನೆಂಟರ ಸೊಸೆಯೊಬ್ಬಳ ಸೀಮಂತದ ವಿಷಯ ಹೇಳುತ್ತಿದ್ದೆ. ಒಂದು ಮಾತು ಹೇಳಿ ಮುಗಿಸುವುದರೊಳಗೆ ಎರಡು ಸಲ ನಿಂತೆ.

"ಯಾಕೆ ನಸೀಮಾ, ಓಡ್ಕೊಂಡು ಬಂದ್ಯಾ?" ಅಂತ ಅಮ್ಮಿ ಕೇಳಿದರು.

ನಾನು ಸೋಫಾದ ಮೇಲೆ ಕೂತು ಅರ್ಧ ಗಂಟೆಯಾಗಿತ್ತು. ಎದುರಿಗೆ ಕೂತಿದ್ದ ನನ್ನ ಗಂಡ ಇಮ್ತಿಯಾಜ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಮಾರನೆಯ ದಿನ ಅವರೇ ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ತಗೊಂಡರು.

ಶ್ವಾಸಕೋಶದ ಕ್ಲಿನಿಕ್ಕಿನ ಕಾಯುವ ಕೋಣೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಂದು ಬಿಟ್ಟು ಒಂದು ಕುರ್ಚಿಗೆ ಇನ್ನೂ ಟೇಪು ಅಂಟಿಸಿದ್ದರು. ಶಬ್ದವಿಲ್ಲದ ಟೀವಿಯಲ್ಲಿ ಯಾರೋ ಕೇಕ್ ಮಾಡುತ್ತಿದ್ದರು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡಿದ್ದ ಹಿರಿಯರೊಬ್ಬರು ಕೂತಲ್ಲೇ ನಿದ್ದೆಹೋಗಿದ್ದರು. ಅವರ ಹೆಂಡತಿ ಆ ನಳಿಗೆ ಕುರ್ಚಿಯ ಕಾಲಿಗೆ ಸಿಕ್ಕಿಕೊಳ್ಳದಂತೆ ಬೆರಳಲ್ಲಿ ಎತ್ತಿ ಹಿಡಿದು ಕೂತಿದ್ದರು. ಅವರು ಹಾಗೆ ಎಷ್ಟು ವರ್ಷದಿಂದ ಹಿಡಿದಿದ್ದಾರೋ ಅಂದುಕೊಂಡೆ. ಇಮ್ತಿಯಾಜ್ ಕೂಡ ಅದನ್ನೇ ನೋಡುತ್ತಿದ್ದರು.

ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯೊಳಗೆ ಊದು ಅಂದರು. ಊದಿದೆ. ಟೆಕ್ನೀಷಿಯನ್ ಹುಡುಗಿ ಹೊರಗಿನಿಂದ "ಕೀಪ್ ಗೋಯಿಂಗ್, ಕೀಪ್ ಗೋಯಿಂಗ್" ಎಂದು ಕೂಗುತ್ತಿದ್ದಳು. ನನ್ನ ಬಳಿ ಊದುವುದಕ್ಕೆ ಏನೂ ಉಳಿದಿರಲಿಲ್ಲ.

ಡಾಕ್ಟರು ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಕಂಪ್ಯೂಟರ್ ನೋಡುತ್ತಲೇ ಕೇಳಿದರು: "ಎಷ್ಟು ವರ್ಷ ಸಿಗರೇಟ್ ಸೇದಿದ್ರಿ?"

"ಒಂದು ದಿನಾನೂ ಇಲ್ಲ."

ಟೈಪ್ ಮಾಡುತ್ತಿದ್ದ ಕೈ ನಿಂತಿತು. ಅದೇ ಪ್ರಶ್ನೆಯನ್ನು ಬೇರೆ ಥರ ಕೇಳಿದರು. ಇಮ್ತಿಯಾಜ್ ಅವರ ಮುಖ ಕೆಂಪಾಯಿತು. "ನಮ್ಮ ಮನೆಯಲ್ಲಿ ಯಾರೂ ಸೇದಲ್ಲ ಡಾಕ್ಟರ್, ಹಿಂದಿನ ತಲೆಮಾರಿನವರೂ ಇಲ್ಲ" ಅಂದರು. ಡಾಕ್ಟರು ಕುರ್ಚಿ ತಿರುಗಿಸಿ, ಮೊದಲ ಬಾರಿ ನನ್ನ ಮುಖ ನೋಡಿ, "ಹೊಗೆ, ಧೂಳು? ಚಿಕ್ಕವರಿದ್ದಾಗ?" ಅಂದರು.

ಆಗ ಹೇಳಿದೆ. ಮಂಡಿ ಮೊಹಲ್ಲಾದ ಒಂದೇ ಕೋಣೆಯ ಮನೆಯಲ್ಲಿ ಅಮ್ಮಿ ಊದಿನಕಡ್ಡಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ, ಜಿಗಟು ಎಂಬ ಅಂಟಿನ ಪುಡಿ, ನೀರು ಹಾಕಿ ಕಲಸಿದ ಕಪ್ಪು ಹಿಟ್ಟನ್ನು ಮಣೆಯ ಮೇಲೆ ಬಿದಿರು ಕಡ್ಡಿಗೆ ಹೊಸೆದು, ಅಂಟದಿರಲೆಂದು ಮೇಲೆ ಪುಡಿ ಉದುರಿಸುವುದು. ಕಲಸುವುದಕ್ಕೆ ಮುಂಚೆ ಇದ್ದಿಲನ್ನು ಜರಡಿ ಹಿಡಿಯುವುದು ನನ್ನ ಕೆಲಸ. ಮಳೆಗಾಲದಲ್ಲಿ ಗಾಳಿಗೆ ಕಡ್ಡಿ ಹಾಳಾಗುತ್ತವೆ ಎಂದು ಬಾಗಿಲು, ಕಿಟಕಿ ಎರಡೂ ಮುಚ್ಚಿರುತ್ತಿದ್ದವು. ಶಾಲೆಗೆ ಸೇರಿದ ವರ್ಷದಿಂದ ಎಸೆಸೆಲ್ಸಿ ಮುಗಿಯುವವರೆಗೆ ದಿನಾ ಸಂಜೆ ನಾನು ಅಮ್ಮಿಯ ಪಕ್ಕ ಕೂತು ಹೊಸೆದೆ.

ಡಾಕ್ಟರು ನಿಧಾನಕ್ಕೆ ತಲೆ ಆಡಿಸಿದರು. ಕಾಯಿಲೆಯ ಹೆಸರು ಹೇಳಿದರು. ಸಿಒಪಿಡಿ, ಶ್ವಾಸನಾಳ ಕಿರಿದಾಗುತ್ತ ಹೋಗುವುದು. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು, ದಿನಕ್ಕೆರಡು ಸಲ ಇನ್ಹೇಲರ್, ಜೀವನ ಪೂರ್ತಿ ಅಂದರು.

ಕಾರಿನಲ್ಲಿ ಕೂತ ಮೇಲೆ ಇಮ್ತಿಯಾಜ್, "ಅಷ್ಟು ವರ್ಷ ಹೊಸೆದಿದ್ಯಾ? ನಂಗೆ ಹೇಳೇ ಇರಲಿಲ್ಲ" ಅಂದರು.

"ನಿಮ್ಮ ಮನೇಲಿ ಯಾರಿಗೂ ಗೊತ್ತಾಗಬಾರದು ಅಂತ ಮದುವೆಗೆ ಮುಂಚೆ ಅಮ್ಮಿ ಹೇಳಿದ್ರು. ಆಮೇಲೆ ಹೇಳೋಕೆ ಸಂದರ್ಭ ಬರಲಿಲ್ಲ."

ಇಪ್ಪತ್ತೇಳು ವರ್ಷದಲ್ಲಿ ಸಂದರ್ಭ ಬರಲಿಲ್ಲ ಅಂದೆ. ಅವರು ಗೇರ್ ಹಾಕಿ ಗಾಡಿ ತೆಗೆದರು. ನಾನು ಆಗಲೇ ಒಂದು ನಿರ್ಧಾರ ಮಾಡಿದ್ದೆ. ಅಮ್ಮಿಗೆ ಇದು ಗೊತ್ತಾಗಬಾರದು. ಎಪ್ಪತ್ತಾರು ವರ್ಷದ ಹೆಂಗಸಿಗೆ, ನೀವು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಕೆಲಸ ನನ್ನ ಎದೆ ತಿಂದಿದೆ ಎಂದು ಹೇಗೆ ಹೇಳುವುದು?

ಇನ್ಹೇಲರ್ ನನಗೆ ಒಗ್ಗಲಿಲ್ಲ. ಬಾಯಿ ಕಹಿಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ 'ಸ್ಟೆರಾಯ್ಡ್' ಅನ್ನುವ ಹೆಸರಿಗೇ ಭಯ. ಎರಡು ತಿಂಗಳಾದರೂ ಮೆಟ್ಟಿಲು ಹತ್ತುವ ಕಷ್ಟ ಹಾಗೇ ಉಳಿಯಿತು. ಪಕ್ಕದ ಮನೆಯ ವಸುಧಾ ಬೆಂಗಳೂರಿನವರು. ನನ್ನ ಅವಸ್ಥೆ ನೋಡಿ ಒಂದು ದಿನ ಹೇಳಿದರು: "ನಮ್ಮ ಮಾವ ಬಂದಿದ್ದಾಗ ಮಂಡಿನೋವಿಗೆ ಅಂತ ಕಮ್ಯುನಿಟಿ ಸೆಂಟರ್‌ಗೆ ಕರ್ಕೊಂಡು ಹೋಗ್ತಿದ್ದೆ. ಅಲ್ಲೊಬ್ರು ಚೈನೀಸ್ ಡಾಕ್ಟ್ರಮ್ಮ ಇದ್ದಾರೆ ನಸೀಮಾ. ಉಸಿರಾಟದ ತೊಂದ್ರೆ ಇರೋರಿಗೆ ಬುಧವಾರ ಬೇರೆ ಕ್ಲಾಸು. ಒಂದ್ಸಲ ನೋಡಿ, ಹಿಡಿಸದಿದ್ರೆ ಬಿಡಿ."

ಮೊದಲ ಬುಧವಾರ ವಸುಧಾ ಅವರೇ ಕರೆದುಕೊಂಡು ಹೋದರು. ಸೆಂಟರಿನ ಹಿಂಭಾಗದ ಕೋಣೆ. ಗೋಡೆಯ ಮೇಲೆ ಮಕ್ಕಳ ಬೇಸಿಗೆ ಶಿಬಿರದ ಚಿತ್ರಗಳು. ವೃತ್ತವಾಗಿ ಹಾಕಿದ್ದ ಕುರ್ಚಿಗಳಲ್ಲಿ ಏಳು ಜನ. ಪರದೆ ಕಟ್ಟಿದ ಮೂಲೆಯಲ್ಲಿ ಒಂದು ಮಂಚ. ನನ್ನ ಪಕ್ಕದಲ್ಲಿ ಚಕ್ರದ ಚೀಲದಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಎತ್ತರದ ಕಪ್ಪು ಮನುಷ್ಯರೊಬ್ಬರು ಕೂತಿದ್ದರು. ಹೆಸರು ವಾಲ್ಟರ್. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ರಿಟೈರ್ ಆದವರು. "ಇಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ಎದ್ದು ಹೋಗಲ್ಲ" ಎಂದು ನನಗೆ ಸ್ವಾಗತ ಹೇಳಿದರು. ಎರಡು ವರ್ಷದಲ್ಲಿ ನನ್ನ ಕೆಮ್ಮಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ತರಗತಿ ನಡೆಸುವವರನ್ನು ಎಲ್ಲರೂ ಮಿಸ್ ಹುವಾ ಎನ್ನುತ್ತಿದ್ದರು. ಅರವತ್ತೈದು ದಾಟಿದ ಸಣ್ಣ ಆಳು, ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಬಟ್ಟೆಯ ಬೂಟು. ಚೀನಾದ ಒಂದು ಆಸ್ಪತ್ರೆಯಲ್ಲಿ ಬಹಳ ಕಾಲ ಗಿಡಮೂಲಿಕೆ, ಸೂಜಿಗಳ ಚೀನೀ ವೈದ್ಯದಿಂದ ಶ್ವಾಸಕೋಶದ ರೋಗಿಗಳನ್ನು ನೋಡಿಕೊಂಡು, ಮಗನ ಜೊತೆ ಇಲ್ಲಿಗೆ ಬಂದು, ಮತ್ತೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು. ನನ್ನ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ವ್ಯಾಕರಣ ಕಡಿಮೆ, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಮೂರು ಬೆರಳಿಟ್ಟು ನಾಡಿ ನೋಡಿದರು, ಎರಡೂ ಕೈಯದು. ನಾಲಿಗೆ ನೋಡಿದರು. ರಾತ್ರಿ ಕಾಲು ತಣ್ಣಗಾಗುತ್ತಾ, ಕಫ ಯಾವ ಬಣ್ಣ, ಅಳು ಬರುತ್ತಾ ಎಂದು ಕೇಳಿದರು. ಕೊನೆಯದನ್ನು ಅಲ್ಲಿಯವರೆಗೆ ಯಾವ ಡಾಕ್ಟರೂ ಕೇಳಿರಲಿಲ್ಲ. ಉತ್ತರ ಕೊಡುವ ಬದಲು ಅತ್ತುಬಿಟ್ಟೆ. ಅವರು ಟಿಶ್ಯೂ ಕೊಟ್ಟು, "ಇನ್ಹೇಲರ್ ತೋರಿಸಿ" ಅಂದರು.

ಗಿಡಮೂಲಿಕೆಯ ವೈದ್ಯೆಗೆ ಇನ್ಹೇಲರ್ ಯಾಕೆ? ಚೀಲದಿಂದ ತೆಗೆದು ಕೊಟ್ಟೆ. "ಈಗ ತಗೊಳ್ಳಿ, ನೋಡ್ತೀನಿ." ತಗೊಂಡೆ. ಅವರು ತಲೆ ಅಡ್ಡಡ್ಡ ಆಡಿಸಿದರು.

"ಎರಡು ತಿಂಗಳಿಂದ ನೀವು ನಾಲಿಗೆಗೆ ಔಷಧಿ ಕೊಡ್ತಾ ಇದ್ದೀರಿ. ಶ್ವಾಸಕೋಶಕ್ಕೆ ಏನೂ ಸಿಕ್ಕಿಲ್ಲ."

ಮೊದಲು ಉಸಿರು ಪೂರ್ತಿ ಬಿಡುವುದು, ತುಟಿ ಬಿಗಿಯಾಗಿ ಮುಚ್ಚುವುದು, ಒತ್ತಿದ ಕೂಡಲೇ ನಿಧಾನವಾಗಿ ಎಳೆದುಕೊಳ್ಳುವುದು, ಹತ್ತು ಎಣಿಸುವವರೆಗೆ ಹಿಡಿಯುವುದು, ಆಮೇಲೆ ಬಾಯಿ ಮುಕ್ಕಳಿಸುವುದು. ನನಗೆ ಇನ್ಹೇಲರ್ ತಗೊಳ್ಳುವುದನ್ನು ಕಲಿಸಿದ್ದು ಚೀನೀ ವೈದ್ಯೆ.

ಆಮೇಲೆ ಎಲ್ಲರೂ ಎದ್ದು ನಿಂತರು. ಅವರ ವ್ಯಾಯಾಮದಲ್ಲಿ ಎಂಟು ಭಾಗ. ಮೊದಲನೆಯದು, ಎರಡೂ ಅಂಗೈಯನ್ನು ಮೇಲಕ್ಕೆತ್ತಿ ಆಕಾಶವನ್ನು ಹೊತ್ತುಕೊಳ್ಳುವುದು. ಎರಡನೆಯದು, ಬಿಲ್ಲನ್ನು ಎಳೆದಂತೆ ಒಂದು ಕೈ ಚಾಚಿ ಇನ್ನೊಂದನ್ನು ಎದೆಯತ್ತ ಎಳೆಯುವುದು. ನಿಲ್ಲಲಾಗದವರು ಕೂತೇ ಮಾಡುತ್ತಿದ್ದರು. "ಉಸಿರಿನ ಹಿಂದೆ ಓಡಬೇಡಿ" ಎಂದು ಮಿಸ್ ಹುವಾ ಸುತ್ತ ನಡೆಯುತ್ತ ಹೇಳುತ್ತಿದ್ದರು. "ಹೊರಗೆ ಹೋಗೋದನ್ನು ನೋಡ್ಕೊಳ್ಳಿ. ಒಳಗೆ ಬರೋದು ತಾನೇ ಬರುತ್ತೆ."

ಹೊರಡುವಾಗ ನಾನು ಕಷಾಯ ಕೇಳಿದೆ. ನಾನು ಬಂದದ್ದೇ ಅದಕ್ಕೆ. ಅವರು ಕೊಡಲಿಲ್ಲ.

"ಮೊದಲು ನಿಮ್ಮ ಡಾಕ್ಟರಿಗೆ ಕಾಗದ ಬರೀತೀನಿ. ನಾನು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಎಡಗಡೆ ಬಾಗಿಲು ನಿಮ್ಮ ಡಾಕ್ಟರಂಥವರದು, ಬಲಗಡೆ ಬಾಗಿಲು ನಮ್ಮದು. ದಿನಾ ಕಾರಿಡಾರ್‌ನಲ್ಲಿ ನಿಂತು ಜಗಳ ಆಡ್ತಿದ್ವಿ. ರೋಗಿಗೆ ಅದರಿಂದ ಒಳ್ಳೇದಾಗ್ತಿತ್ತು. ಇಲ್ಲಿ ಜಗಳಕ್ಕೆ ಅವರು ಎದುರಿಗೆ ಸಿಗಲ್ಲ. ಅದಕ್ಕೆ ಕಾಗದ."

ಆ ಚಳಿಗಾಲವಿಡೀ ಪ್ರತಿ ಬುಧವಾರ ಹೋದೆ. ವ್ಯಾಯಾಮ ಮುಗಿದ ಮೇಲೆ ಪರದೆಯ ಹಿಂದಿನ ಮಂಚದ ಮೇಲೆ ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಳ್ಳುತ್ತಿದ್ದೆ. ಬೆನ್ನಿನ ಮೇಲೆ, ಮಣಿಕಟ್ಟಿನ ಹತ್ತಿರ, ಮೊಣಕಾಲಿನ ಕೆಳಗೆ. ಸೂಜಿಯಿಂದ ನನ್ನ ಎದೆಗೆ ಏನಾಯಿತು, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆ ಇಪ್ಪತ್ತು ನಿಮಿಷ ಭುಜ ಕೆಳಗಿಳಿಯುತ್ತಿತ್ತು, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುವುದು ನಿಲ್ಲುತ್ತಿತ್ತು. ವಿಪರೀತ ಚಳಿಯ ದಿನ ಮಿಸ್ ಹುವಾ ಒಬ್ಬೊಬ್ಬರಿಗೂ ಫೋನ್ ಮಾಡಿ "ಹೊರಗೆ ಹೋಗಬೇಡಿ, ಮೂಗಿಗೆ ಸ್ಕಾರ್ಫ್" ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಮಾರ್ಚ್ ಹೊತ್ತಿಗೆ ಮನೆಯಿಂದ ಮೇಲ್‌ಬಾಕ್ಸ್‌ವರೆಗೆ ನಿಲ್ಲದೆ ನಡೆದು ಬಂದೆ.

ಸ್ವಲ್ಪ ಸುಧಾರಿಸಿದ ಮೇಲೇ ನನಗೆ ದುರ್ಬುದ್ಧಿ ಬಂದದ್ದು.

ರಂಜಾನ್ ಬಂತು. ಹಿಂದಿನ ವರ್ಷ ಕೆಮ್ಮಿನ ಕಾಟಕ್ಕೆ ರೋಜಾ ಇಡಲಾಗಿರಲಿಲ್ಲ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ, ಅದು ಎಲ್ಲರಿಗೂ ಗೊತ್ತು. ಇನ್ಹೇಲರ್ ತಗೊಂಡರೆ ರೋಜಾ ಮುರಿಯುತ್ತದೋ ಇಲ್ಲವೋ ಎಂಬುದರ ಬಗ್ಗೆ ತಿಳಿದವರಲ್ಲೇ ಎರಡು ಮಾತಿದೆ. ಮಸೀದಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಡಾಕ್ಟರನ್ನು ಕೇಳಿದ್ದರೆ ಹೊತ್ತು ಬದಲಿಸಿ ಕೊಡುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ "ಬೇಡ" ಅಂದುಬಿಟ್ಟಾರು ಎಂಬ ಭಯ.

ಸೆಂಟರಿನ ಆಚೆ ಒಂದು ಗಿಡಮೂಲಿಕೆ ಅಂಗಡಿ ಇತ್ತು. ಕೌಂಟರಿನಲ್ಲಿದ್ದವರಿಗೆ "ಕೆಮ್ಮು, ಉಸಿರು" ಅಂದೆ. ಒಂದು ಪೊಟ್ಟಣ ಕಟ್ಟಿಕೊಟ್ಟರು. ಬೆಳಗಿನ ಜಾವದ ಸಹರಿ ಊಟಕ್ಕೆ ಮುಂಚೆ ಅದನ್ನು ಕುದಿಸಿ ಕುಡಿಯುವುದು, ಇನ್ಹೇಲರ್ ಬಿಡುವುದು. ಚೀನೀ ಕಷಾಯ ಇದೆಯಲ್ಲ, ಅದೇ ದಿನವಿಡೀ ಕಾಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಮ್ತಿಯಾಜ್‌ಗೆ, "ಮಿಸ್ ಹುವಾ ಕೊಟ್ಟಿದ್ದು" ಎಂದು ಸುಳ್ಳು ಹೇಳಿದೆ.

ಷಾರ್ಲೆಟ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಮಗಳು ಸನಾ ವೀಡಿಯೊದಲ್ಲಿ ಪಾತ್ರೆ ನೋಡಿ, "ಮಮ್ಮಾ, ವಾಟ್ ಈಸ್ ದಟ್? ಡಾಕ್ಟರ್‌ನ ಕೇಳಿದ್ರಾ ನೀವು?" ಅಂದಳು.

"ಕೇಳಿದೀನಿ."

"ಪ್ರಾಮಿಸ್?"

"ಆಯ್ತು, ನಮಾಜಿಗೆ ಹೊತ್ತಾಯ್ತು" ಎಂದು ಇಟ್ಟೆ.

ಮೊದಲ ನಾಲ್ಕೈದು ದಿನ ಏನೂ ಆಗಲಿಲ್ಲ. ಅದೇ ಮೋಸ. ಇಫ್ತಾರಿಗೆ ಖರ್ಜೂರ ಬಾಯಿಗಿಟ್ಟುಕೊಂಡಾಗ, ನೋಡಿ, ನಾನೂ ಎಲ್ಲರ ಹಾಗೇ ಇದ್ದೇನೆ ಅನ್ನಿಸುತ್ತಿತ್ತು. ಎರಡನೇ ವಾರ ಕಫ ಹೆಚ್ಚಿತು. ಮೆಟ್ಟಿಲಿನ ಕಂಬಿ ಹಿಡಿದು ಹತ್ತತೊಡಗಿದೆ. ಆದರೂ ಬುಧವಾರದ ತರಗತಿಗೆ ಹೋದೆ. ಹೋಗದಿದ್ದರೆ ಮಿಸ್ ಹುವಾ ಫೋನ್ ಮಾಡುತ್ತಾರಲ್ಲ.

ಬಿಲ್ಲು ಎಳೆಯುವ ಭಾಗದಲ್ಲಿ ನನ್ನ ಚಾಚಿದ ಕೈ ಕೆಳಗಿಳಿಯಿತು. ಮತ್ತೆ ಎತ್ತಲಾಗಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದಂತೆ. ಮಿಸ್ ಹುವಾ ಸಂಗೀತ ನಿಲ್ಲಿಸಿ ಬಂದು ನನ್ನ ಉಗುರು ನೋಡಿದರು, ತುಟಿ ನೋಡಿದರು.

"ಇನ್ಹೇಲರ್ ಎಲ್ಲಿ?"

"ಮನೇಲಿ."

"ಬೆಳಿಗ್ಗೆ ತಗೊಂಡ್ರಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ನಿನ್ನೆ?"

ಮತ್ತೆ ಅಲ್ಲಾಡಿಸಿದೆ. ಅವರ ಮುಖದಲ್ಲಿ ಆಗ ಕಂಡದ್ದು ಕೋಪ ಅಲ್ಲ, ಹೆದರಿಕೆ. ನನ್ನನ್ನು ಮೇಜಿನ ಮುಂದೆ ಕೂರಿಸಿ, ಮೊಣಕೈ ಊರಿಸಿ, ಮುಂದಕ್ಕೆ ಬಾಗಿಸಿದರು. ಬೆನ್ನ ಮೇಲೆ ಕೈಯಿಟ್ಟು, "ಹೊರಗೆ... ಹೊರಗೆ... ಹೊರಗೆ..." ಅನ್ನುತ್ತಲೇ ಇದ್ದರು. ವಾಲ್ಟರ್ 911ಕ್ಕೆ ಫೋನ್ ಮಾಡಿ, ಬಸ್ ಸ್ಟಾಪ್ ಕೂಗುವ ಗಟ್ಟಿ ದನಿಯಲ್ಲಿ ಬೀದಿ, ತಿರುವು, ಯಾವ ಬಾಗಿಲಿಗೆ ಬರಬೇಕು ಎಲ್ಲವನ್ನೂ ಹೇಳಿದರು. ಅಷ್ಟು ಹೇಳಿ ಅವರೂ ಏದುಸಿರು ಬಿಡುತ್ತ ಕೂತರು.

ಆಂಬುಲೆನ್ಸ್‌ನವರು ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟಾಗ ನನ್ನ ತಲೆಗೆ ಬಂದ ಮೊದಲ ಯೋಚನೆ, ರೋಜಾ ಹೋಯಿತಲ್ಲ ಎಂದು. ಸಾಯುವ ಹೊತ್ತಿನಲ್ಲೂ ನಾನು ಲೆಕ್ಕ ಹಾಕುತ್ತಿದ್ದದ್ದು ಅದನ್ನು.

ಇಮ್ತಿಯಾಜ್ ಫೇರ್‌ಫ್ಯಾಕ್ಸ್‌ನ ಆಫೀಸಿನಿಂದ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಸ್ಪತ್ರೆ ತಲುಪುವಾಗ ಬಿಗಿಯಾದ ದೊಡ್ಡ ಮಾಸ್ಕಿನೊಳಗೆ ಮೆಷಿನ್ನು ನನ್ನ ಬದಲು ಉಸಿರು ತಳ್ಳುತ್ತಿತ್ತು. ಅವರ ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು. ಆಕ್ಸಿಜನ್ ನಳಿಗೆ ಮಂಚದ ಕಂಬಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು.

ಮಾರನೆಯ ದಿನ ಮಾಸ್ಕ್ ತೆಗೆದು ಸಣ್ಣ ನಳಿಗೆ ಹಾಕಿದ ಮೇಲೆ ಕೇಳಿದರು: "ಕಾಯಿಲೆಯವರಿಗೆ ರೋಜಾ ಕಡ್ಡಾಯ ಅಲ್ಲ ಅಂತ ಮಕ್ಕಳಿಗೂ ಗೊತ್ತು. ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಕಾಯಿಲೆಯವಳು ಅಂತ ಒಪ್ಕೋಬೇಕಾಗಿತ್ತಲ್ಲ ರೀ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಎರಡೇ ಸಲ, ಅವರ ಅಬ್ಬಾ ತೀರಿಕೊಂಡಾಗ ಮತ್ತು ಅವತ್ತು.

ಮೂರನೇ ದಿನ ಮಿಸ್ ಹುವಾ ಬಂದರು. ಇಮ್ತಿಯಾಜ್ ಅಡುಗೆಮನೆಯಿಂದ ಉಳಿದ ಪೊಟ್ಟಣ ತಂದಿದ್ದರು. ಮಿಸ್ ಹುವಾ ಅದನ್ನು ಊಟದ ಟ್ರೇ ಮೇಲೆ ಸುರಿದು ಬೆರಳಿನಿಂದ ಬೇರೆ ಬೇರೆ ಮಾಡಿದರು. ಒಂದು ಬೇರು ಎತ್ತಿ, "ಇದು ಜ್ವರದ ಕೆಮ್ಮಿಗೆ. ನಿಮಗಲ್ಲ." ಇನ್ನೊಂದು ತೊಗಟೆ, "ಇದು ನಿಮ್ಮ ಬೀಪಿ ಏರಿಸುತ್ತೆ." ಇನ್ನೊಂದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. "ಬೇರೆ ಯಾರದೋ ಔಷಧಿ ಕುದಿಸಿ ಕುಡಿದಿದ್ದೀರಿ. ನನ್ನ ಹೆಸರು ಹೇಳಿ."

"ಸಾರಿ" ಅಂದೆ.

"ನಾನು ಇನ್ಹೇಲರ್ ಬಿಡಿ ಅಂದಿದ್ನಾ?"

"ಇಲ್ಲ."

"ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ಜನ ಎರಡು ಥರ. ಒಬ್ಬರು ಇದನ್ನು ಕಸ ಅಂತಾರೆ, ಇನ್ನೊಬ್ಬರು ಇದನ್ನು ದೇವರು ಅಂತಾರೆ. ನನ್ನ ರೋಗಿಗಳನ್ನ ಸಾಯಿಸೋರು ಎರಡನೆಯವರು." ಪೊಟ್ಟಣವನ್ನು ಮಡಚಿ ಕಸದ ಡಬ್ಬಿಗೆ ಹಾಕಿದರು. ಕೈ ತೊಳೆದುಕೊಂಡು ಬಂದು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ನಾಡಿ ನೋಡುವುದು ಮುಗಿದ ಮೇಲೂ ಕೈ ಬಿಡಲಿಲ್ಲ.

ಆ ಸಂಜೆ ಅಮ್ಮಿಯ ವೀಡಿಯೊ ಕಾಲ್ ಬಂತು. ನನಗೆ ಅದನ್ನು ತಗೊಳ್ಳುವುದು ಬೇಡವಾಗಿತ್ತು. "ಇನ್ನು ನಾನು ಸುಳ್ಳು ಹೇಳಲ್ಲ ನಸೀಮಾ" ಎಂದು ಇಮ್ತಿಯಾಜ್ ಫೋನ್ ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಮೈಸೂರಿನಲ್ಲಿ ಬೆಳಗಿನ ಜಾವದ ಫಜರ್ ನಮಾಜ್ ಮುಗಿದ ಹೊತ್ತು. ಅಮ್ಮಿ ಬಿಳಿ ದುಪಟ್ಟಾದಲ್ಲಿದ್ದರು. ನನ್ನ ಮೂಗಿನ ನಳಿಗೆ ನೋಡಿದರು, ಹಿಂದಿನ ಮಂಚ ನೋಡಿದರು. ಕಿರುಚಾಡುತ್ತಾರೆ ಅಂದುಕೊಂಡಿದ್ದೆ. ಬಹಳ ಮೆಲ್ಲಗೆ ಕೇಳಿದರು:

"ಇದ್ದಿಲ ಪುಡಿನಾ?"

ಹೌದೆಂದು ತಲೆ ಆಡಿಸಿದೆ.

"ಸಂಜೆ ನಿನ್ನ ಮೂಗು ಒರೆಸಿದರೆ ಸೆರಗು ಕಪ್ಪಗಾಗೋದು. ಒಳಗೆ ಎಷ್ಟು ಹೋಗಿರುತ್ತೋ ಅಂತ ಆಗ್ಲೇ ಅಂದ್ಕೊಳ್ತಿದ್ದೆ. ಅಂದ್ಕೊಂಡೂ ಮಾರನೇ ದಿನ ಕೂರಿಸ್ತಿದ್ದೆ."

"ನೀವೂ ಕೂತಿದ್ರಲ್ಲ ಅಮ್ಮಿ."

"ನಾನು ದೊಡ್ಡವಳು."

"ನಿಮ್ಮ ಎದೆನೂ ಎದೆನೇ ಅಲ್ವಾ?"

ಅಮ್ಮಿ ಏನೋ ಹೇಳಲು ಹೋಗಿ ಕೆಮ್ಮಿದರು. ಆ ಕೆಮ್ಮನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ನಮ್ಮ ಮನೆಯಲ್ಲಿ ಅದು ಗಡಿಯಾರದ ಸದ್ದಿನ ಹಾಗೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಷ್ಟು ತಿಂಗಳು ನಾನು ನನ್ನ ಕಾಯಿಲೆಯನ್ನು ಅವರಿಂದ ಮುಚ್ಚಿಡುವುದರಲ್ಲೇ ಮುಳುಗಿದ್ದೆ. ಅದೇ ಕಾಯಿಲೆ ಅವರಲ್ಲೂ ಇರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಆರು ದಿನದ ಮೇಲೆ ಮನೆಗೆ ಬಂದೆ. ಒಂದೂವರೆ ತಿಂಗಳು ನಡೆಯುವಾಗ ಆಕ್ಸಿಜನ್ ಬೇಕಾಯಿತು. ಚಕ್ರದ ಚೀಲವನ್ನು ಎಳೆಯುವ ಕ್ರಮವನ್ನು ವಾಲ್ಟರ್ ಹೇಳಿಕೊಟ್ಟರು: "ಹಿಂದೆ ಎಳೀಬೇಡ, ಪಕ್ಕದಲ್ಲಿ ಇಟ್ಕೋ. ನಾಯಿ ಕರ್ಕೊಂಡು ಹೋದ ಹಾಗೆ." ಬುಧವಾರ ಇಮ್ತಿಯಾಜ್ ಮನೆಯಿಂದ ಕೆಲಸ ಮಾಡುವ ಅನುಮತಿ ತಗೊಂಡರು. ಮೊದಲೆರಡು ವಾರ ತರಗತಿಯ ಹೊರಗೆ ಕಾರಿನಲ್ಲಿ ಕೂತಿದ್ದರು. ಮೂರನೇ ವಾರ ಮಿಸ್ ಹುವಾ ಹೋಗಿ ಕಿಟಕಿ ತಟ್ಟಿ, "ನಿಮಗೂ ಶ್ವಾಸಕೋಶ ಇದೆ, ಬನ್ನಿ" ಅಂದರಂತೆ.

ಕಾಗದಗಳು ಓಡಾಡಿದವು. ನನ್ನ ಡಾಕ್ಟರು ಮೂರು ಗಿಡಮೂಲಿಕೆಗಳಿಗೆ ಬೇಡ ಎಂದು ಗೀಟು ಹಾಕಿ ಕಳಿಸಿದರು. ಎರಡಕ್ಕೆ ಮಿಸ್ ಹುವಾ ಒಪ್ಪಿದರು, ಒಂದಕ್ಕೆ ವಾದ ಮಾಡಿ ಇನ್ನೊಂದು ಕಾಗದ ಬರೆದರು. ಕೊನೆಗೆ ಒಂದು ಕಷಾಯ ನಿಗದಿಯಾಯಿತು, ಇಬ್ಬರಿಗೂ ಗೊತ್ತಿರುವಂಥದ್ದು. ವಾರಕ್ಕೆ ಮೂರು ದಿನ, ಇನ್ಹೇಲರ್ ದಿನಾ. ಅದು ಬೂದಿ ಮತ್ತು ಒಣಗಿದ ಕಿತ್ತಳೆ ಸಿಪ್ಪೆಯ ರುಚಿ. ಕುಡಿಯುತ್ತಿದ್ದೇನೆ.

ಮುಂದಿನ ಚಳಿಗಾಲದಲ್ಲಿ ವಾಲ್ಟರ್ ತೀರಿಕೊಂಡರು. ನ್ಯುಮೋನಿಯಾ, ನಾಲ್ಕೇ ದಿನ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಈ ಕಾಯಿಲೆಯವರು ಯಾರಾದರೂ ಓದುತ್ತಿದ್ದರೆ ಅವರಿಗೆ ನಾನು ಸಿಹಿ ಸುಳ್ಳು ಹೇಳಲಾರೆ. ಯಾವ ಸೂಜಿಯೂ ಯಾವ ಇನ್ಹೇಲರೂ ಅವರನ್ನು ಉಳಿಸಲಿಲ್ಲ. ಆದರೆ ಅವರ ಹೆಂಡತಿ ನಮಗೆ ಹೇಳಿದರು: ಕೊನೆಯ ಎರಡು ವರ್ಷ ಮಂಗಳವಾರ ಸಂಜೆಯೇ ಅವರು ಬುಧವಾರಕ್ಕೆ ಅಂಗಿ ಇಸ್ತ್ರಿ ಮಾಡಿಡುತ್ತಿದ್ದರಂತೆ. ಅದನ್ನು ಕೇಳಿ ಮಿಸ್ ಹುವಾ ಒಂದು ನಿಮಿಷ ಸಂಗೀತ ಹಾಕಲಿಲ್ಲ. ನಾವೆಲ್ಲ ಸದ್ದಿಲ್ಲದೆ ಕೈ ಮೇಲೆತ್ತಿ ಆಕಾಶ ಹೊತ್ತು ನಿಂತೆವು. ಎಲ್ಲರ ಉಸಿರಿನ ಸಿಳ್ಳೂ ಕೇಳುತ್ತಿತ್ತು.

ಆಸ್ಪತ್ರೆಯಿಂದ ಬಂದ ಒಂದು ವರ್ಷಕ್ಕೆ ಮತ್ತೆ ಅದೇ ಗಾಜಿನ ಪೆಟ್ಟಿಗೆಯಲ್ಲಿ ಕೂತು ಊದಿದೆ. ಡಾಕ್ಟರು ಹಳೆಯ ಗೆರೆಯ ಮೇಲೆ ಹೊಸ ಗೆರೆ ಇಟ್ಟು ತೋರಿಸಿದರು. ಎರಡೂ ಒಂದರ ಮೇಲೊಂದು ಕೂತಿದ್ದವು. "ಸ್ಟೇಬಲ್" ಅಂದರು. ಗುಣವಾಗಿಲ್ಲ, ಕೆಟ್ಟಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಆ ಪದವನ್ನು ಇಮ್ತಿಯಾಜ್‌ಗೆ ಮೂರು ಸಲ ಹೇಳಿದೆ.

ಅಮ್ಮಿಯನ್ನು ಪರೀಕ್ಷೆಗೆ ಒಪ್ಪಿಸಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. "ಈ ವಯಸ್ಸಲ್ಲಿ ಯಾಕೆ" ಅನ್ನುವರು. ಕಡೆಗೆ ನಾನು, "ನೀವು ಊದದಿದ್ದರೆ ನಾನೂ ಇನ್ನು ಮುಂದೆ ಊದಲ್ಲ" ಎಂದು ಹೆದರಿಸಿದೆ. ಶಬಾನಾ ಒಂದು ಸಂಜೆ ಮೈಸೂರಿನ ಎದೆರೋಗದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನನಗೆ ಇಲ್ಲಿ ಬೆಳಿಗ್ಗೆ, ಕಾಫಿಯ ಹೊತ್ತು. ಟೆಕ್ನೀಷಿಯನ್ ಕನ್ನಡದಲ್ಲಿ ಹೇಳಿದ್ದು ಅಮ್ಮಿಗೆ ಗಾಬರಿಯಲ್ಲಿ ತಲೆಗೆ ಹೋಗುತ್ತಿರಲಿಲ್ಲ. ಶಬಾನಾ ಫೋನನ್ನು ಅವರ ಮುಂದೆ ಹಿಡಿದಳು. ನಾನು ಅಡುಗೆಮನೆಯಲ್ಲಿ ನಿಂತು ಕೂಗಿದೆ: "ಊದಿ ಅಮ್ಮಿ, ಹೊರಗೆ, ಇನ್ನೂ ಹೊರಗೆ, ನಿಲ್ಲಿಸಬೇಡಿ, ಇನ್ನೂ..." ಅಮ್ಮಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಊದಿದರು. ಮೂರು ಸಲ ಊದಿಸಿದರು. ದುಪಟ್ಟಾ ಸರಿದು ಅವರ ಕುತ್ತಿಗೆಯ ನರಗಳು ಫೋನಿನಲ್ಲೇ ಕಾಣುತ್ತಿದ್ದವು.

ರಿಪೋರ್ಟ್ ಬಂದ ಮೇಲೆ ಶಬಾನಾ ಅದರ ಫೋಟೋ ಕಳಿಸಿದಳು. ನನಗೆ ಈಗ ಆ ಗೆರೆ ಓದಲು ಬರುತ್ತದೆ. ಓದಿ ಮತ್ತೆ ವೀಡಿಯೊ ಕಾಲ್ ಮಾಡಿದೆ. ಅಮ್ಮಿ ಶಬಾನಾಳ ಕೈಯಿಂದ ಫೋನ್ ಕಿತ್ತುಕೊಂಡರು. ಕಾಯಿಲೆ ಏನು, ಔಷಧಿ ಏನು, ಎಷ್ಟು ದಿನ, ಒಂದನ್ನೂ ಕೇಳಲಿಲ್ಲ.

"ನಿನಗಿಂತ ಜಾಸ್ತಿ ಇದೆಯಾ ನಂಗೆ, ಕಮ್ಮಿ ಇದೆಯಾ?"

ಅವರಿಗೆ ಇನ್ನು ಸುಳ್ಳು ಹೇಳುವುದಿಲ್ಲ ಎಂದು ನಿಶ್ಚಯಿಸಿದ್ದೆ.

"ಜಾಸ್ತಿ ಇದೆ ಅಮ್ಮಿ."

ಅಮ್ಮಿ ಕಣ್ಣು ಮುಚ್ಚಿ, ಆ ಸಂಜೆಯಲ್ಲಿ ಮೊದಲ ಸಲ ಉಸಿರನ್ನು ಪೂರ್ತಿಯಾಗಿ ಹೊರಗೆ ಬಿಟ್ಟರು.

"ಸದ್ಯ" ಅಂದರು. "ಅಲ್ಹಮ್ದುಲಿಲ್ಲಾಹ್."